ಕಾಲು ಇಂಚು ಕಾಣಿಸಬೇಕು: ಕೌದಿ ಹೊಲಿಗೆಯ ಪಾಠವನ್ನು ವಿಡಿಯೊ ಮಾಡುವ ಸಮಗ್ರ ಮಾರ್ಗದರ್ಶಿ

ಕೌದಿ ಹೊಲಿಯುವುದನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವಾಗ ಎಷ್ಟೋ ಕೆಲಸ ತನ್ನಷ್ಟಕ್ಕೆ ನಡೆದುಹೋಗುತ್ತದೆ. ಕಲಿಯುವವರು ಬಗ್ಗಿ ನೋಡುತ್ತಾರೆ, ಬಟ್ಟೆಯನ್ನು ಮುಟ್ಟುತ್ತಾರೆ, ತಿಳಿಯದಿದ್ದರೆ ‘ಇನ್ನೊಂದು ಸಲ ತೋರಿಸಿ’ ಎನ್ನುತ್ತಾರೆ. ವಿಡಿಯೊದಲ್ಲಿ ಈ ಮೂರೂ ಇಲ್ಲ. ನೋಡುವವರ ಪರವಾಗಿ ಬಗ್ಗಬೇಕಾದದ್ದು ಕ್ಯಾಮೆರಾ. ಮುಟ್ಟಿದಾಗ ಏನು ತಿಳಿಯುತ್ತದೆ ಎಂಬುದನ್ನು ಹೇಳಬೇಕಾದದ್ದು ನಮ್ಮ ಮಾತು. ಯಾವ ಜಾಗವನ್ನು ಎರಡನೆಯ ಸಲ ತೋರಿಸಬೇಕು ಎಂಬುದನ್ನು ಯಾರೂ ಕೇಳುವ ಮೊದಲೇ ಊಹಿಸಬೇಕಾದವರು ನಾವು.

ತುಂಡುಬಟ್ಟೆ ಜೋಡಿಸುವ ಈ ಕೆಲಸದಲ್ಲಿ ಹೊಲಿಗೆಗೆ ಬಿಡುವ ಅಂಚು ಕಾಲು ಇಂಚು. ಎರಡೂವರೆ ಇಂಚಿನ ಚೌಕ ನಾಲ್ಕೂ ಬದಿ ಹೊಲಿದ ಮೇಲೆ ಎರಡು ಇಂಚಾಗಿ ಉಳಿಯುವುದು ಆ ಕಾಲು ಇಂಚು ಸರಿಯಾಗಿದ್ದರೆ ಮಾತ್ರ. ಎಂಟು ಚೌಕಗಳ ಸಾಲಿನಲ್ಲಿ ಏಳು ಹೊಲಿಗೆಗಳಿರುತ್ತವೆ. ಪ್ರತಿಯೊಂದರಲ್ಲೂ ಸೂಜಿ ಇಂಚಿನ ಹದಿನಾರನೇ ಒಂದು ಭಾಗದಷ್ಟು ಒಳಗೆ ಸರಿದರೆ, ಎರಡೂ ತುಂಡು ಸೇರಿ ಹೊಲಿಗೆಯೊಂದಕ್ಕೆ 1/8 ಇಂಚು, ಸಾಲಿಗೆ 7/8 ಇಂಚು ಕಡಿಮೆಯಾಗಿ, ಪಕ್ಕದ ಸಾಲಿಗೆ ಅದು ಎಂದೂ ಕೂಡಿಕೊಳ್ಳುವುದಿಲ್ಲ. ಹೀಗಿರುವಾಗ ಕೌದಿಯ ಪಾಠದ ವಿಡಿಯೊ ಒಳ್ಳೆಯದೋ ಅಲ್ಲವೋ ಎಂದು ನಿರ್ಧರಿಸಲು ನನಗೆ ಒಂದೇ ಪ್ರಶ್ನೆ ಸಾಕು: ಕಾಲು ಇಂಚು ಕಾಣಿಸುತ್ತದೆಯೇ? ಕ್ಯಾಮೆರಾ ಎಲ್ಲಿಡಬೇಕು, ಬೆಳಕು ಯಾವ ಕಡೆಯಿಂದ ಬರಬೇಕು, ಯಾವ ಬಣ್ಣದ ದಾರ ಪೋಣಿಸಬೇಕು ಎಂಬ ಪ್ರಶ್ನೆಗಳೆಲ್ಲ ಇದಕ್ಕೆ ಅಧೀನ.

ಮೊದಲು ಪಾಠವನ್ನು ಚಿಕ್ಕದಾಗಿಸಿ

ಮೊದಲ ವಿಡಿಯೊದಲ್ಲಿ ಇಡೀ ಕೌದಿಯನ್ನು ತೋರಿಸಲು ಹೊರಡುವುದು ಬಹುತೇಕ ಎಲ್ಲರೂ ಮಾಡುವ ತಪ್ಪು. ಮೇಲುಬಟ್ಟೆ, ನಡುವಿನ ಹತ್ತಿ ಪದರ, ಅಸ್ತರು, ಅವನ್ನು ಕೂಡಿಸುವ ಹೊಲಿಗೆ, ಕೊನೆಗೆ ಅಂಚುಪಟ್ಟಿ, ಇವುಗಳಲ್ಲಿ ಒಂದೊಂದೂ ಹಲವು ಪಾಠಗಳಿಗೆ ಸಾಕಾಗುವಷ್ಟಿದೆ. ಆರಂಭಕ್ಕೆ ನಾಲ್ಕು ಚೌಕಗಳ ಬ್ಲಾಕ್ ಒಂದನ್ನು, ಅಂದರೆ ಮೇಲುಬಟ್ಟೆಯ ಒಂದು ಘಟಕವನ್ನು ಆರಿಸಿಕೊಳ್ಳಿ. ಎರಡೂವರೆ ಇಂಚಿನ ನಾಲ್ಕು ಚೌಕ, ಮೂರು ಹೊಲಿಗೆ, ನಡುವೆ ಹೊಲಿಗೆಗಳು ಕೂಡುವ ಒಂದು ಬಿಂದು. ಮುಗಿದಾಗ ಬ್ಲಾಕಿನ ಅಳತೆ ನಾಲ್ಕೂವರೆ ಇಂಚು. ಇದು ಆರೇಳು ನಿಮಿಷಗಳಲ್ಲಿ ಮುಗಿಯುವ ಪಾಠ, ಆದರೆ ಕಲಿಸಬೇಕಾದದ್ದೆಲ್ಲ ಇದರೊಳಗೇ ಇದೆ. ಈ ಬರಹದುದ್ದಕ್ಕೂ ನಾನು ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಕ್ಯಾಮೆರಾ ಹೊರತೆಗೆಯುವ ಮೊದಲು ಆ ಬ್ಲಾಕನ್ನು ಮೂರು ಸಲ ಹೊಲಿಯಿರಿ. ಮೊದಲನೆಯ ಸಲ ಎಂದಿನಂತೆ ಹೊಲಿಯಿರಿ. ಎರಡನೆಯ ಸಲ ಕೈ ಎಲ್ಲೆಲ್ಲಿ ಒಂದು ಕ್ಷಣ ನಿಲ್ಲುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ವರ್ಷಗಟ್ಟಲೆ ಹೊಲಿದವರಿಗೆ ತಮ್ಮ ಕೈ ನಿಲ್ಲುವುದು ಗೊತ್ತೇ ಆಗುವುದಿಲ್ಲ, ಆದರೆ ತೀರ್ಮಾನಗಳು ನಡೆಯುವುದು ಅಲ್ಲಿಯೇ: ರೂಲರಿನ ಗೆರೆ ಬಟ್ಟೆಯ ಅಂಚಿನ ಮೇಲೆ ಇರಬೇಕೋ ಪಕ್ಕದಲ್ಲೋ, ಇಸ್ತ್ರಿ ಮಾಡುವಾಗ ಅಂಚು ಯಾವ ಬದಿಗೆ ಮಲಗಬೇಕು, ಗುಂಡುಸೂಜಿ ಹೊಲಿಗೆಯ ಹಿಂದೆಯೋ ಮುಂದೆಯೋ. ಮೂರನೆಯ ಸಲ ಹೊಲಿಯುವಾಗ ಪ್ರತಿಯೊಂದು ಕೆಲಸವನ್ನೂ ಗಟ್ಟಿಯಾಗಿ ಮಾತಿನಲ್ಲಿ ಹೇಳುತ್ತಾ ಹೋಗಿ. ಮಾತು ತಡವರಿಸುವ ಜಾಗದಲ್ಲಿ ನಿಮಗೇ ಕಾರಣ ಸ್ಪಷ್ಟವಿಲ್ಲ ಎಂದು ತಿಳಿದುಕೊಂಡು, ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಈ ಟಿಪ್ಪಣಿಯಿಂದಲೇ ಚಿತ್ರೀಕರಣದ ಪಟ್ಟಿ ಹುಟ್ಟುತ್ತದೆ. ಹಾಳೆಯನ್ನು ಉದ್ದಕ್ಕೆ ಎರಡು ಮಾಡಿ, ಎಡಭಾಗದಲ್ಲಿ ಕಣ್ಣಿಗೆ ಕಾಣಬೇಕಾದದ್ದನ್ನೂ ಬಲಭಾಗದಲ್ಲಿ ಕಿವಿಗೆ ಕೇಳಬೇಕಾದದ್ದನ್ನೂ ಬರೆಯಿರಿ. ಎಡಭಾಗ ಖಾಲಿ ಉಳಿದು ಬಲಭಾಗ ತುಂಬಿಹೋಗಿದ್ದರೆ ಅದು ಭಾಷಣವಾಗುತ್ತಿದೆ ಎಂದರ್ಥ.

ತೋರಿಸುವ ಬಟ್ಟೆ, ತೋರಿಸುವ ದಾರ

ಮನೆಯಲ್ಲಿ ಬಳಸುವ ಕೌದಿಗೆ ಒಪ್ಪುವ ಬಟ್ಟೆ ಪಾಠಕ್ಕೆ ಒಪ್ಪಬೇಕೆಂದೇನಿಲ್ಲ. ತೀರ ಸಣ್ಣ ಚೌಕುಳಿ ಮತ್ತು ಒತ್ತೊತ್ತಾದ ಗೆರೆಗಳ ಬಟ್ಟೆ ಕ್ಯಾಮೆರಾದ ಸಂವೇದಕದ ಬಿಂದುಗಳ ಸಾಲಿನೊಂದಿಗೆ ತಾಕಲಾಡಿ, ಪರದೆಯ ಮೇಲೆ ಬಟ್ಟೆಯಲ್ಲಿ ಇಲ್ಲದ ಅಲೆಗಳನ್ನು ಹುಟ್ಟಿಸುತ್ತದೆ. ಮುವಾರೆ ಎಂದು ಕರೆಯುವ ಈ ದೋಷವನ್ನು ಸಂಕಲನದಲ್ಲಿ ಅಳಿಸುವುದು ಕಷ್ಟ. ಕ್ಯಾಮೆರಾವನ್ನು ಕೊಂಚ ಹತ್ತಿರಕ್ಕೋ ದೂರಕ್ಕೋ ಸರಿಸಿದರೆ ಕೆಲವೊಮ್ಮೆ ಕಡಿಮೆಯಾಗುತ್ತದೆ, ಬಟ್ಟೆಯನ್ನೇ ಬದಲಿಸಿದರೆ ಚಿಂತೆಯೇ ಇಲ್ಲ. ಅಚ್ಚ ಬಿಳಿ ಮತ್ತು ಕಡುಗಪ್ಪು ಬಟ್ಟೆಗಳನ್ನು ಒಂದೇ ಚೌಕಟ್ಟಿನಲ್ಲಿ ಇಡಬೇಡಿ. ಬಿಳಿಯ ನೇಯ್ಗೆ ಉಳಿಯುವಂತೆ ಬೆಳಕು ಹೊಂದಿಸಿದರೆ ಕಪ್ಪಿನ ಮೇಲಿನ ಹೊಲಿಗೆ ಮುಚ್ಚಿಹೋಗುತ್ತದೆ. ತಿಳಿ ಹಳದಿ ಮತ್ತು ನಡುನೀಲಿಯಂತಹ ಎರಡು ಸಾದಾ ಬಣ್ಣಗಳು ಸಾಕು. ಬಟ್ಟೆಯ ಒಳಮೈ ಮತ್ತು ಹೊರಮೈ ನಡುವೆ ವ್ಯತ್ಯಾಸ ತಿಳಿಯುವಂತಿದ್ದರೆ ‘ಮುಖಕ್ಕೆ ಮುಖ ಇಡಿ’ ಎಂಬ ಮಾತನ್ನು ಕಣ್ಣೇ ನಂಬುತ್ತದೆ.

ದಾರದ ವಿಷಯದಲ್ಲಿ ಅಭ್ಯಾಸಕ್ಕೆ ವಿರುದ್ಧವಾಗಿ ನಡೆಯಬೇಕು. ಬಟ್ಟೆಯೊಳಗೆ ಕರಗುವ ದಾರ ಹೊಲಿಯುವವರ ಹೆಮ್ಮೆ, ಕಲಿಯುವವರ ಸಂಕಟ. ತಿಳಿ ಬಟ್ಟೆಗೆ ಕಡುಗೆಂಪು ದಾರ ಹಾಕಿ. ಬಿಗಿ ಹೊಂದಿಸುವುದನ್ನು ಕಲಿಸುವ ಪಾಠವಾದರೆ ಮೇಲಿನ ದಾರ ಒಂದು ಬಣ್ಣ, ಕೆಳಗಿನಿಂದ ಬರುವ ಬಾಬಿನ್ ದಾರ ಇನ್ನೊಂದು ಬಣ್ಣ ಇರಲಿ. ಯಾವುದು ಯಾವುದನ್ನು ಎಳೆಯುತ್ತಿದೆ ಎಂಬುದು ಆಗ ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ಕೈಹೊಲಿಗೆಯ ಪಾಠಕ್ಕೆ ದಪ್ಪ ದಾರ, ದೊಡ್ಡ ಸೂಜಿ ಬಳಸಿ ಮೊದಲು ಹಿಗ್ಗಿದ ಅಳತೆಯಲ್ಲಿ ತೋರಿಸಿ, ಆಮೇಲೆ ನಿಜದ ಅಳತೆಗೆ ಇಳಿಯಿರಿ.

ಮಾದರಿಗಳನ್ನು ಹಂತಹಂತವಾಗಿ ಮೊದಲೇ ಸಿದ್ಧಪಡಿಸಿಡಿ. ನಾಲ್ಕು ಚೌಕದ ಬ್ಲಾಕಿಗೆ ಕನಿಷ್ಠ ಐದು ಜೊತೆ ಬೇಕು: ಕತ್ತರಿಸದ ಪಟ್ಟಿ, ಕತ್ತರಿಸಿದ ಚೌಕಗಳು, ಎರಡೆರಡಾಗಿ ಹೊಲಿದವು, ಇಸ್ತ್ರಿಯಾದವು, ಪೂರ್ಣ ಬ್ಲಾಕ್. ಇದರ ಮೇಲೆ ತಪ್ಪಾಗಿ ಹೊಲಿದ ಒಂದು ಬ್ಲಾಕನ್ನೂ ಬೇಕೆಂದೇ ಮಾಡಿಟ್ಟುಕೊಳ್ಳಿ. ನಡುಬಿಂದು ಕೂಡದೆ ಜಾರಿದ ಬ್ಲಾಕನ್ನು ಸರಿಯಾದದ್ದರ ಪಕ್ಕದಲ್ಲಿಟ್ಟು ತೋರಿಸುವ ಹತ್ತು ಸೆಕೆಂಡು, ‘ಎಚ್ಚರದಿಂದ ಹೊಲಿಯಿರಿ’ ಎಂದು ಹತ್ತು ಸಲ ಹೇಳುವುದಕ್ಕಿಂತ ಮೇಲು.

ಕ್ಯಾಮೆರಾ ಎಲ್ಲಿರಬೇಕು

ಒಳ್ಳೆಯ ಫೋನ್ ಇದ್ದರೆ ಬೇರೆ ಕ್ಯಾಮೆರಾ ಕೊಳ್ಳುವ ಅಗತ್ಯ ಬಹಳ ದಿನ ಬರುವುದಿಲ್ಲ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಅದನ್ನು ಫೋನನ್ನು ಮೇಜಿನ ಮೇಲೆ ಅಡ್ಡಲಾಗಿ, ಅಲುಗದಂತೆ ಹಿಡಿಯುವ ತೋಳಿಗೆ ಖರ್ಚು ಮಾಡಿ.

ಕತ್ತರಿಸುವುದು, ಜೋಡಿಸುವುದು, ಇಸ್ತ್ರಿ ಮಾಡುವುದು, ಈ ಮೂರನ್ನೂ ನೇರ ಮೇಲಿನಿಂದ ತೆಗೆಯಬೇಕು. ಕ್ಯಾಮೆರಾ ಕೊಂಚ ಓರೆಯಾದರೂ ಚೌಕದ ದೂರದ ಬದಿ ಕಿರಿದಾಗಿ, ಹತ್ತಿರದ ಬದಿ ಅಗಲವಾಗಿ, ಸರಿಯಾಗಿ ಕತ್ತರಿಸಿದ ಚೌಕವೂ ವಕ್ರವಾಗಿ ಕಾಣುತ್ತದೆ. ಗೆರೆಗೆರೆಯ ಕಟಿಂಗ್ ಮ್ಯಾಟನ್ನು ಕೆಳಗಿಟ್ಟು, ಅದರ ಗೆರೆಗಳು ಪರದೆಯ ನಾಲ್ಕೂ ಅಂಚಿಗೆ ಸಮಾನಾಂತರವಾಗುವವರೆಗೆ ಫೋನನ್ನು ಹೊಂದಿಸಿ. ಹೊಂದಿಸಿದ ಮೇಲೆ, ಅಳತೆ ತೋರಿಸುವ ಅಗತ್ಯವಿಲ್ಲದ ದೃಶ್ಯಗಳಿಗೆ ಮ್ಯಾಟನ್ನು ಮಗುಚಿ ಹಾಕಿ; ಗೆರೆಗಳ ಜಾಲದ ನಡುವೆ ಹೊಲಿಗೆಯ ಗೆರೆ ಕಳೆದುಹೋಗುತ್ತದೆ.

ಚಿತ್ರದ ದಿಕ್ಕು ಇದಕ್ಕಿಂತಲೂ ಮುಖ್ಯ. ನೋಡುವವರಿಗೆ ಪರದೆಯ ಮೇಲಿನ ಕೈಗಳು ತಮ್ಮದೇ ಕೈಗಳಂತೆ, ಕೆಳಗಿನ ಅಂಚಿನಿಂದ ಒಳಗೆ ಬರುವಂತೆ ಕಾಣಬೇಕು. ಎದುರು ಬದಿಯಿಂದ ಚಿತ್ರಿಸಿದರೆ ಎಡ ಬಲವಾಗಿ, ‘ನಿಮ್ಮ ಕಡೆಗೆ’ ಎಂಬುದು ‘ನಿಮ್ಮಿಂದ ಆಚೆಗೆ’ ಆಗಿ, ಪ್ರತಿ ಹೆಜ್ಜೆಯನ್ನೂ ಅವರು ತಲೆಯೊಳಗೆ ತಿರುಗಿಸಿಕೊಳ್ಳಬೇಕಾಗುತ್ತದೆ. ಎಡಗೈಯಲ್ಲಿ ಕೆಲಸ ಮಾಡುವವರಿಗಾಗಿ ವಿಡಿಯೊವನ್ನು ಕನ್ನಡಿಯಂತೆ ಮಗುಚಬಹುದು ಎಂದು ಕೆಲವರು ಹೇಳುತ್ತಾರೆ. ರೂಲರಿನ ಅಂಕಿಗಳು ತಿರುವುಮುರುವಾಗುವುದರಿಂದಲೂ, ಕೈಚಕ್ರ ಎಡಗಡೆಗಿರುವ ಹೊಲಿಗೆ ಯಂತ್ರ ಅವರ ಮನೆಯಲ್ಲಿಯೂ ಇರುವುದಿಲ್ಲವಾದ್ದರಿಂದಲೂ, ಕತ್ತರಿಸುವ ಭಾಗವೊಂದನ್ನು ಎಡಗೈ ಬಳಸುವವರಿಂದಲೇ ಮಾಡಿಸಿ ಚಿತ್ರಿಸುವುದು ಒಳ್ಳೆಯದು.

ಇನ್ನು ಚೌಕಟ್ಟಿನ ಅಗಲ. ಇಡೀ ಮೇಜು ಕಾಣಲಿ ಎಂಬ ಆಸೆಯಿಂದ 75 ಸೆಂ.ಮೀ. ಅಗಲದ ಚಿತ್ರ ತೆಗೆದಿರಿ ಎನ್ನಿ. ಅದನ್ನು ಫೋನಿನ ಸುಮಾರು 14 ಸೆಂ.ಮೀ. ಅಗಲದ ಪರದೆಯಲ್ಲಿ ನೋಡಿದಾಗ ಕಾಲು ಇಂಚು ಒಂದು ಮಿ.ಮೀ.ಗಿಂತ ಚೂರು ಹೆಚ್ಚು, ಅಷ್ಟೇ. ಚಿತ್ರದ ಅಗಲವನ್ನು 30 ಸೆಂ.ಮೀ.ಗೆ ಇಳಿಸಿದರೆ ಅದೇ ಕಾಲು ಇಂಚು ಸುಮಾರು 3 ಮಿ.ಮೀ. ಆಗುತ್ತದೆ, ಹೊಲಿಗೆ ಎಲ್ಲಿ ಬಿತ್ತು ಎಂಬುದು ಕಾಣುತ್ತದೆ. ಎರಡೂವರೆ ಇಂಚಿನ ಚೌಕಗಳಿಗೆ 30 ಸೆಂ.ಮೀ. ಧಾರಾಳ. ಹತ್ತಿರದ ಚಿತ್ರಕ್ಕಾಗಿ ಫೋನನ್ನೇ ಬಟ್ಟೆಯ ಬಳಿಗೆ ಇಳಿಸಿದರೆ ಕೈಯಾಡಲು ಜಾಗವಿರುವುದಿಲ್ಲ, ಫೋನಿನ ನೆರಳೂ ಬೀಳುತ್ತದೆ. ಎರಡು ಪಟ್ಟು ಹಿಗ್ಗಿಸುವ ಲೆನ್ಸ್ ಇದ್ದರೆ ಎತ್ತರದಲ್ಲೇ ಉಳಿದು ಅದನ್ನು ಬಳಸಿ. ಇಲ್ಲದಿದ್ದರೆ 4ಕೆಯಲ್ಲಿ, ಅಂದರೆ 3840×2160 ಬಿಂದುಗಳಲ್ಲಿ ಚಿತ್ರಿಸಿ, ಸಂಕಲನದಲ್ಲಿ ಬೇಕಾದ ಭಾಗವನ್ನು 1920×1080ಕ್ಕೆ ಕತ್ತರಿಸಿಕೊಳ್ಳಿ. ಎರಡು ಪಟ್ಟು ಹಿಗ್ಗಿದರೂ ಚಿತ್ರ ಮಸುಕಾಗುವುದಿಲ್ಲ. ಅತಿ ಅಗಲದ ಲೆನ್ಸನ್ನು ಮಾತ್ರ ಮುಟ್ಟಬೇಡಿ, ಅದು ಅಂಚಿನ ನೇರ ಗೆರೆಗಳನ್ನು ಬಾಗಿಸುತ್ತದೆ.

ಚೌಕಟ್ಟು ನಿಶ್ಚಯವಾದ ಮೇಲೆ ಅದರ ನಾಲ್ಕು ಮೂಲೆಗಳನ್ನು ಮೇಜಿನ ಮೇಲೆ ಕಾಗದದ ಟೇಪಿನಿಂದ ಗುರುತು ಮಾಡಿ. ಪರದೆಯನ್ನು ನೋಡದೆಯೇ ಕೆಲಸ ಎಲ್ಲಿ ನಡೆಯಬೇಕೆಂದು ಆಗ ಕೈಗೆ ಗೊತ್ತಿರುತ್ತದೆ. ನನ್ನ ಮೊದಲ ಪಾಠದಲ್ಲಿ ನಲವತ್ತು ನಿಮಿಷ ತನ್ಮಯಳಾಗಿ ಹೊಲಿದು, ಆಮೇಲೆ ನೋಡಿದರೆ ಅರ್ಧಕ್ಕರ್ಧ ನನ್ನ ನೆತ್ತಿಯ ಚಿತ್ರವೇ ಇತ್ತು. ಸೂಕ್ಷ್ಮ ಕೆಲಸ ಬಂದಾಗ ತಲೆ ತಾನಾಗಿ ಮುಂದಕ್ಕೆ ಬಾಗುತ್ತದೆ, ಅಂದರೆ ನೋಡಲೇಬೇಕಾದ ಹೊತ್ತಿಗೇ ಮರೆಯಾಗುತ್ತದೆ. ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಕೂರುವುದನ್ನು, ಬೇಕಿದ್ದರೆ ನಿಂತೇ ಕೆಲಸ ಮಾಡುವುದನ್ನು ರೂಢಿಸಿಕೊಳ್ಳಿ.

ಬೆಳಕು

ಮೇಲ್ಛಾವಣಿಯ ಒಂದೇ ದೀಪ ನಿಮ್ಮ ತಲೆಯ ನೆರಳನ್ನೂ ಕೈಯ ನೆರಳನ್ನೂ ಕೆಲಸದ ಮೇಲೆಯೇ ಚೆಲ್ಲುತ್ತದೆ. ಅದನ್ನು ಆರಿಸಿ, ಒಂದೇ ಬಗೆಯ ಎರಡು ದೀಪಗಳನ್ನು ಎಡಕ್ಕೊಂದು ಬಲಕ್ಕೊಂದು, ಮೇಜಿನಿಂದ ಸುಮಾರು 45 ಡಿಗ್ರಿ ಎತ್ತರದಲ್ಲಿಟ್ಟು, ಮುಂದೆ ತೆಳು ಬಿಳಿ ಬಟ್ಟೆ ಅಡ್ಡ ಹಿಡಿದರೆ ನೆರಳು ಮೆತ್ತಗಾಗುತ್ತದೆ. ಬಟ್ಟೆ ದೀಪಕ್ಕೆ ತಾಗದಿರಲಿ. ಕಿಟಕಿಯ ಬೆಳಕು ಚೆಂದವೇ, ಆದರೆ ಮೋಡವೊಂದು ಹಾದುಹೋದರೆ ಮುಂದಿನ ದೃಶ್ಯ ಹಿಂದಿನದಕ್ಕೆ ಹೊಂದುವುದಿಲ್ಲ. ಕಿಟಕಿಯ ಬೆಳಕಿಗೆ ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣವನ್ನು ಹೇಳುವ ಮಾನ) ಬಣ್ಣವಿದ್ದರೆ ಮನೆಯ ಹಳದಿ ಬಲ್ಬಿಗೆ ಸುಮಾರು 2700. ಎರಡನ್ನೂ ಬೆರೆಸಿದರೆ ಒಂದೇ ಬಟ್ಟೆಯ ಒಂದು ಬದಿ ನೀಲಿ, ಇನ್ನೊಂದು ಬದಿ ಕಿತ್ತಳೆ. ಬಣ್ಣ ಹೊಂದಿಸುವುದೇ ಜೀವಾಳವಾದ ಈ ಹವ್ಯಾಸದಲ್ಲಿ ಅದು ಸಣ್ಣ ದೋಷವಲ್ಲ. ದೀಪ ಕೊಳ್ಳುವುದಾದರೆ ಡಬ್ಬಿಯ ಮೇಲೆ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆಯಾದ ಸಿಆರ್‌ಐ 90 ಅಥವಾ ಹೆಚ್ಚು ಎಂದಿರುವುದನ್ನು ನೋಡಿ ತೆಗೆದುಕೊಳ್ಳಿ.

ಈ ನಿಯಮಕ್ಕೆ ಒಂದು ದೊಡ್ಡ ಅಪವಾದವಿದೆ. ಮೂರು ಪದರಗಳನ್ನು ಕೂಡಿಸಿ ಹೊಲಿದ ಮೇಲೆ ಕೌದಿಗೆ ಬರುವ ಉಬ್ಬುತಗ್ಗುಗಳನ್ನು ಎರಡು ಬದಿಯ ಸಮ ಬೆಳಕು ಒರೆಸಿಹಾಕುತ್ತದೆ. ಆಗ ಒಂದು ದೀಪವನ್ನು ನಂದಿಸಿ, ಇನ್ನೊಂದನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬಟ್ಟೆಯ ಮೇಲೆ ಬೆಳಕು ಸವರಿಕೊಂಡು ಹೋಗುವಂತೆ ಇಡಿ. ಬಟ್ಟೆಯದೇ ಬಣ್ಣದ ದಾರವಾದರೂ ಪ್ರತಿ ಹೊಲಿಗೆಯ ಹಳ್ಳ ನೆರಳಾಗಿ ಎದ್ದು ಕಾಣುತ್ತದೆ.

ವಿದ್ಯುತ್ ಪೂರೈಕೆ 50 ಹರ್ಟ್ಸ್ ಇರುವಲ್ಲಿ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ, 60 ಹರ್ಟ್ಸ್ ಇರುವಲ್ಲಿ 120 ಸಲ. ಚಿತ್ರದಲ್ಲಿ ಪಟ್ಟೆಗಳು ಹರಿದಾಡುತ್ತಿದ್ದರೆ ಶಟರ್ ವೇಗವನ್ನು, ಅಂದರೆ ಪ್ರತಿ ಚಿತ್ರಕ್ಕೆ ಬೆಳಕು ಬೀಳುವ ಸೆಕೆಂಡಿನ ಭಾಗವನ್ನು, ಮೊದಲನೆಯದಕ್ಕೆ 1/50 ಅಥವಾ 1/100ಕ್ಕೂ, ಎರಡನೆಯದಕ್ಕೆ 1/60 ಅಥವಾ 1/120ಕ್ಕೂ ಹೊಂದಿಸಿ. ಚೌಕಟ್ಟುಗಳ (ಫ್ರೇಮ್, ಅಂದರೆ ವಿಡಿಯೊದ ಒಂದೊಂದು ಚಿತ್ರದ) ಸಂಖ್ಯೆ ಸೆಕೆಂಡಿಗೆ ಅನುಕ್ರಮವಾಗಿ 25 ಮತ್ತು 30 ಇರಲಿ.

ಫೋನಿನ ಬುದ್ಧಿವಂತಿಕೆಗೆ ಬೀಗ

ಫೋನು ತಾನಾಗಿ ಹೊಂದಿಸುವುದೆಲ್ಲ ಪಾಠದಲ್ಲಿ ತೊಂದರೆ ಕೊಡುತ್ತದೆ. ಬಿಳಿ ಹತ್ತಿ ಪದರ ಚೌಕಟ್ಟಿನೊಳಗೆ ಬಂದ ಕೂಡಲೇ ಕೈಗಳು ಕಪ್ಪಾಗುತ್ತವೆ. ಕೆಂಪು ಬಟ್ಟೆ ಬಂದರೆ ಮ್ಯಾಟಿನ ಬಣ್ಣವೇ ಬದಲಾಗುತ್ತದೆ. ಕೈ ಅಡ್ಡ ಹಾದಾಗಲೆಲ್ಲ ಫೋಕಸ್ ಬಟ್ಟೆಯನ್ನು ಬಿಟ್ಟು ಬೆರಳ ಗೆಣ್ಣಿಗೆ ಹಾರಿ, ಮರಳಿ ಬರಲು ಒಂದೆರಡು ಸೆಕೆಂಡು ತೆಗೆದುಕೊಳ್ಳುತ್ತದೆ. ಮಧ್ಯಮ ಬೂದು ಬಣ್ಣದ ಬಟ್ಟೆಯನ್ನು ಕೆಲಸದ ಜಾಗದಲ್ಲಿಟ್ಟು, ಫೋಕಸ್, ಬೆಳಕಿನ ಪ್ರಮಾಣ, ಬಿಳಿಯ ಸಮತೋಲ (ವೈಟ್ ಬ್ಯಾಲೆನ್ಸ್) ಮೂರನ್ನೂ ಅಲ್ಲಿಯೇ ಬೀಗ ಹಾಕಿ. ಹಲವು ಫೋನುಗಳಲ್ಲಿ ಪರದೆಯನ್ನು ಒತ್ತಿ ಹಿಡಿದರೆ ಮೊದಲೆರಡು ನಿಲ್ಲುತ್ತವೆ. ಮೂರನೆಯದಕ್ಕೆ ವೃತ್ತಿಪರ ವಿಧಾನ (ಪ್ರೊ ಮೋಡ್) ಅಥವಾ ಬೇರೆ ಕ್ಯಾಮೆರಾ ಆ್ಯಪ್ ಬೇಕಾಗಬಹುದು. ಲೆನ್ಸನ್ನು ಒರೆಸುವುದನ್ನು ಮರೆಯಬೇಡಿ. ಹತ್ತಿಯ ಧೂಳು ಹಾರುವ ಕೋಣೆಯಲ್ಲಿ ಅದು ದಿನಕ್ಕೆ ಹಲವು ಸಲದ ಕೆಲಸ.

ಯಂತ್ರದ ಮುಂದೆ

ಮೇಲಿನಿಂದ ನೋಡುವ ಕ್ಯಾಮೆರಾ ಇಲ್ಲಿ ನಿರುಪಯೋಗಿ, ಏಕೆಂದರೆ ಯಂತ್ರದ ತಲೆಯೇ ಸೂಜಿಯನ್ನು ಮುಚ್ಚುತ್ತದೆ. ಎಡಮುಂಭಾಗದಿಂದ, ಬಟ್ಟೆಯ ಮಟ್ಟಕ್ಕಿಂತ ತುಸು ಎತ್ತರದಲ್ಲಿ, ಸೂಜಿಯ ಕಡೆಗೆ ಓರೆಯಾಗಿ ನೋಡುವ ಜಾಗ ಬಹುತೇಕ ಎಲ್ಲ ಯಂತ್ರಗಳಿಗೂ ಹೊಂದುತ್ತದೆ. ಮುಂದಿನ ಭಾಗ ತೆರೆದಿರುವ ಅಥವಾ ಪಾರದರ್ಶಕವಾದ ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಹಾಕಿಕೊಂಡರೆ ಬಟ್ಟೆಯ ಅಂಚು ಎಲ್ಲಿ ಓಡುತ್ತಿದೆ ಎಂಬುದು ಕಾಣುತ್ತದೆ. ಯಂತ್ರದ ಸ್ವಂತ ದೀಪ ಸೂಜಿಯ ಸುತ್ತ ಬಿಳಿಯ ಕಲೆ ಮಾಡುತ್ತಿದ್ದರೆ ಅದನ್ನು ಆರಿಸಿಬಿಡಿ. ಟ್ರೈಪಾಡ್ ಮಾತ್ರ ಯಂತ್ರವಿರುವ ಮೇಜನ್ನು ತಾಗಲೇಬಾರದು. ನೆಲದ ಮೇಲೆ ನಿಲ್ಲಲಿ. ಒಂದೇ ಮೇಜಿನ ಮೇಲೆ ಎರಡನ್ನೂ ಇಟ್ಟರೆ ಸೂಜಿ ಸ್ಥಿರವಾಗಿ ನಿಂತು ಲೋಕವೇ ನಡುಗುವಂತೆ ಕಾಣುತ್ತದೆ.

ಸೂಜಿಯ ವೇಗದ ಲೆಕ್ಕವನ್ನೂ ನೋಡೋಣ. ನಿಮಿಷಕ್ಕೆ 800 ಹೊಲಿಗೆ ಹಾಕುವ ಯಂತ್ರ ಸೆಕೆಂಡಿಗೆ ಹದಿಮೂರಕ್ಕೂ ಹೆಚ್ಚು ಸಲ ಬಟ್ಟೆಯನ್ನು ಚುಚ್ಚುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊದಲ್ಲಿ ಹೊಲಿಗೆಯೊಂದಕ್ಕೆ ಎರಡು ಚಿತ್ರವೂ ಪೂರ್ತಿ ದಕ್ಕುವುದಿಲ್ಲ. ಸೂಜಿ ಒಮ್ಮೆ ಮಾಯವಾಗಿ, ಒಮ್ಮೆ ಹಿಂದಕ್ಕೆ ಹೋದಂತೆ ಕಾಣುತ್ತದೆ. ಆದ್ದರಿಂದ ಮೊದಲ ಮೂರು ನಾಲ್ಕು ಹೊಲಿಗೆಗಳನ್ನು ಕೈಚಕ್ರ ತಿರುಗಿಸಿಯೇ ತೋರಿಸಿ. ಸೂಜಿ ಇಳಿದು, ದಾರ ಕುಣಿಕೆಯಾಗಿ, ಬಟ್ಟೆ ಒಂದು ಹೊಲಿಗೆಯಷ್ಟು ಹಿಂದಕ್ಕೆ ಸರಿಯುವುದನ್ನು ಕಲಿಯುವವರು ಒಮ್ಮೆ ಕಂಡರೆ ಬಟ್ಟೆಯನ್ನು ಎಳೆಯುವುದನ್ನು ಬಿಡುತ್ತಾರೆ. ನಿಧಾನಗತಿಯಲ್ಲಿ ತೋರಿಸಬೇಕಾದರೆ 120 ಚೌಕಟ್ಟಿನಲ್ಲಿ ಚಿತ್ರಿಸಿ, ಆಗ ಹೊಲಿಗೆಯೊಂದಕ್ಕೆ ಒಂಬತ್ತು ಚಿತ್ರ ಸಿಗುತ್ತವೆ. ಅದಕ್ಕೆ ಹೆಚ್ಚು ಬೆಳಕು ಬೇಕು.

ಮಾತು ಮತ್ತು ಸದ್ದು

ಮಸುಕಾದ ಚಿತ್ರವನ್ನು ಸಹಿಸಿಕೊಂಡು ನೋಡುವವರು ಇದ್ದಾರೆ, ಕೇಳದ ಮಾತನ್ನು ಸಹಿಸುವವರಿಲ್ಲ. ಕೊರಳಪಟ್ಟಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಬಾಯಿಂದ ಒಂದು ಗೇಣಿನ ದೂರದಲ್ಲಿಡಿ. ಧ್ವನಿಯನ್ನು 48 ಕಿಲೊಹರ್ಟ್ಸ್‌ನಲ್ಲಿ ದಾಖಲಿಸಿ, ಏರುಮಾತು ಧ್ವನಿಯ ಮಾಪಕದಲ್ಲಿ −12ರಿಂದ −6 ಡೆಸಿಬೆಲ್ ನಡುವೆ ಇರುವಂತೆ ನೋಡಿಕೊಳ್ಳಿ. ಕೋಣೆಯ ಪ್ರತಿಧ್ವನಿಯ ವಿಷಯದಲ್ಲಿ ನಮ್ಮಷ್ಟು ಅದೃಷ್ಟವಂತರು ಬೇರೆ ಯಾರೂ ಇಲ್ಲ: ಎರಡು ಮೂರು ದಪ್ಪ ಕೌದಿಗಳನ್ನು ಎದುರಿನ ಗೋಡೆಗೂ ಬೆನ್ನ ಹಿಂದೆಯೂ ನೇತುಹಾಕಿದರೆ ಧ್ವನಿ ಬೆಚ್ಚಗೆ ಹತ್ತಿರದಲ್ಲಿ ಕೇಳುತ್ತದೆ.

ಹೊಲಿಯುತ್ತಾ ಮಾತಾಡಬೇಕೋ, ಚಿತ್ರಿಸಿದ ಮೇಲೆ ಮಾತು ಸೇರಿಸಬೇಕೋ? ಆರಂಭದಲ್ಲಿ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮಾತಿನ ಕಡೆ ಗಮನ ಹೋದಾಗ ಕೈ ತಪ್ಪುತ್ತದೆ, ಕೈಯ ಕಡೆ ಹೋದಾಗ ಮಾತು ಅರ್ಧಕ್ಕೆ ನಿಲ್ಲುತ್ತದೆ. ಆದರೂ ಚಿತ್ರಿಸುವಾಗ ಬಾಯಿಗೆ ಬಂದದ್ದನ್ನು ಹೇಳುತ್ತಲೇ ಇರಿ. ಮುಟ್ಟಿ ತಿಳಿಯುವ ಸಂಗತಿಗೆ ಸರಿಯಾದ ಪದ ಸಿಗುವುದು ಬಟ್ಟೆ ಕೈಯಲ್ಲಿದ್ದಾಗಲೇ.

ನಾಲ್ಕು ಚೌಕದ ನಡುಬಿಂದುವನ್ನೇ ತೆಗೆದುಕೊಳ್ಳಿ. ಒಂದು ಜೊತೆಯ ಹೊಲಿಗೆ ಅಂಚು ಎಡಕ್ಕೂ ಇನ್ನೊಂದರದು ಬಲಕ್ಕೂ ಇಸ್ತ್ರಿಯಾಗಿರುತ್ತದೆ. ಎರಡನ್ನೂ ಮುಖಕ್ಕೆ ಮುಖ ಇಟ್ಟು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮೆಲ್ಲಗೆ ಜಾರಿಸಿದಾಗ ಮೊದಲು ಒಂದು ದಿಬ್ಬ ಸಿಗುತ್ತದೆ, ಅದರಾಚೆ ಒಂದು ಸಣ್ಣ ತಗ್ಗು. ಇನ್ನೂ ಕೂದಲೆಳೆಯಷ್ಟು ತಳ್ಳಿದರೆ ದಿಬ್ಬಕ್ಕೆ ದಿಬ್ಬ ಒತ್ತಿಕೊಂಡು ಬಟ್ಟೆ ‘ಇಷ್ಟೇ’ ಎಂದು ನಿಂತುಬಿಡುತ್ತದೆ. ಕ್ಯಾಮೆರಾ ಇದನ್ನು ಅರ್ಧ ಮಾತ್ರ ತೋರಿಸಬಲ್ಲದು. ಬೆರಳು ಜಾರುವುದನ್ನು ಅತಿ ಹತ್ತಿರದಿಂದ, ಬದಿಯಿಂದ ಬೀಳುವ ಬೆಳಕಿನಲ್ಲಿ, ಎರಡು ಸಲ ಚಿತ್ರಿಸಿ: ಒಮ್ಮೆ ಕೂಡುವುದನ್ನು, ಒಮ್ಮೆ ಕೂಡದೆ ಒಂದರ ಮೇಲೊಂದು ಹತ್ತಿ ದಪ್ಪವಾಗುವುದನ್ನು. ಉಳಿದರ್ಧ ಮಾತಿನಿಂದ ಬರಬೇಕು.

ಯಂತ್ರದ ಸದ್ದನ್ನು ಪೂರ್ತಿ ತೆಗೆದುಹಾಕಬೇಡಿ. ಮಾತಿನ ಕೆಳಗೆ ಮೆಲ್ಲಗೆ ಉಳಿಸಿದರೆ ಯಾವ ವೇಗದಲ್ಲಿ ಹೊಲಿಯುತ್ತಿದ್ದೀರಿ ಎಂಬುದು ಕಿವಿಗೇ ತಿಳಿಯುತ್ತದೆ. ಫ್ಯಾನನ್ನು ಆರಿಸಿ, ಕೋಣೆಯ ಮೌನವನ್ನೇ ಅರ್ಧ ನಿಮಿಷ ದಾಖಲಿಸಿಟ್ಟುಕೊಳ್ಳಿ. ಮಾತುಗಳ ನಡುವೆ ಕತ್ತರಿಸಿದ ಜಾಗಗಳನ್ನು ಮುಚ್ಚಲು ಅದು ಬೇಕಾಗುತ್ತದೆ.

ಚಿತ್ರೀಕರಣದ ದಿನ

ಹಿಂದಿನ ದಿನವೇ ಬಟ್ಟೆಯ ಸುಕ್ಕು ತೆಗೆದು, ಬ್ಯಾಟರಿ ತುಂಬಿಸಿ, ಫೋನಿನಲ್ಲಿ ಜಾಗ ಖಾಲಿ ಮಾಡಿಡಿ. ಕರೆಗಳು ಬರದಂತೆ ಏರ್‌ಪ್ಲೇನ್ ಮೋಡ್ ಹಾಕಿ. ಮೊದಲು ಒಂದು ನಿಮಿಷ ಚಿತ್ರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿ. ಮೈಕಿನ ಸ್ವಿಚ್ಚು ಹಾಕದೆ ಇಡೀ ಮಧ್ಯಾಹ್ನ ಕಳೆದವರಿಗೆ ಈ ಒಂದು ನಿಮಿಷದ ಬೆಲೆ ಗೊತ್ತು.

ಪಾಠದ ಕ್ರಮದಲ್ಲಿಯೇ ಚಿತ್ರಿಸಬೇಕೆಂಬ ನಿಯಮವಿಲ್ಲ. ಮೇಲಿನಿಂದ ತೆಗೆಯುವ ದೃಶ್ಯಗಳನ್ನೆಲ್ಲ ಒಮ್ಮೆಗೆ ಮುಗಿಸಿ, ಆಮೇಲೆ ಕ್ಯಾಮೆರಾವನ್ನು ಯಂತ್ರದ ಬಳಿಗೆ ಒಯ್ಯಿರಿ. ಹಂತಹಂತದ ಮಾದರಿಗಳು ಸಿದ್ಧವಿರುವುದು ಇದಕ್ಕಾಗಿಯೇ. ಪ್ರತಿ ಕೆಲಸದ ಮೊದಲೂ ಕೊನೆಯಲ್ಲೂ ಕೈಗಳನ್ನು ಮೂರು ಸೆಕೆಂಡು ಸುಮ್ಮನೆ ಇಡಿ. ತಪ್ಪಿದರೆ ಕ್ಯಾಮೆರಾ ನಿಲ್ಲಿಸದೆ ಒಮ್ಮೆ ಚಪ್ಪಾಳೆ ತಟ್ಟಿ, ಅದೇ ಹೆಜ್ಜೆಯನ್ನು ಮತ್ತೆ ಮಾಡಿ. ಸಂಕಲನದಲ್ಲಿ ಆ ಚಪ್ಪಾಳೆ ಧ್ವನಿಯ ಗೆರೆಯಲ್ಲಿ ಮೊಳೆಯಂತೆ ಎದ್ದು ಕಂಡು, ಎಲ್ಲಿ ಕತ್ತರಿಸಬೇಕೆಂದು ಹೇಳುತ್ತದೆ.

ರೋಟರಿ ಕಟರ್ ಹಿಡಿದಾಗ ಪರದೆಯ ಕಡೆ ಕಣ್ಣು ಹಾಯಿಸಲೇಬೇಡಿ. ಓಲ್ಫಾ ಕಂಪನಿ 1979ರಲ್ಲಿ ಹೊರತಂದ ಈ ದುಂಡು ಅಲಗು ಕೌದಿಯವರ ಕೆಲಸದ ವೇಗವನ್ನೇ ಬದಲಿಸಿತು. ಬೆರಳಿನ ವಿಷಯದಲ್ಲೂ ಅದು ಅಷ್ಟೇ ಚುರುಕು. ರೂಲರ್ ಹಿಡಿದ ಕೈಯ ಬೆರಳುಗಳು ಅಂಚಿನಿಂದ ಒಳಗಿರುವುದು, ಅಲಗನ್ನು ಮೈಯಿಂದ ಆಚೆಗೆ ಉರುಳಿಸುವುದು, ಪ್ರತಿ ಕತ್ತರಿಕೆಯ ನಂತರ ಅಲಗನ್ನು ಮುಚ್ಚುವುದು, ಈ ಮೂರೂ ಚೌಕಟ್ಟಿನೊಳಗೆ ಪ್ರತಿ ಸಲವೂ ಕಾಣಬೇಕು. ನಾವು ಹೇಳಿದ್ದನ್ನಲ್ಲ, ಮಾಡಿದ್ದನ್ನೇ ನೋಡುವವರು ಅನುಕರಿಸುತ್ತಾರೆ.

ಇಸ್ತ್ರಿಯ ದೃಶ್ಯದಲ್ಲಿ ಪೆಟ್ಟಿಗೆಯನ್ನು ಎತ್ತಿ ಇಟ್ಟು ಒತ್ತುವುದಕ್ಕೂ ಉಜ್ಜಿಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಕಾಣಿಸಿ. ಉಜ್ಜಿದರೆ ಓರೆ ಕತ್ತರಿಸಿದ ಅಂಚು ಹಿಗ್ಗುತ್ತದೆ. ಕೊನೆಗೆ ರೂಲರನ್ನು ಬ್ಲಾಕಿನ ಮೇಲಿಟ್ಟು ನಾಲ್ಕೂವರೆ ಇಂಚನ್ನು ಅಳೆದು ತೋರಿಸಿ. ಕೂದಲೆಳೆಯಷ್ಟು ಕಡಿಮೆ ಬಂದರೆ ಅದನ್ನೂ ಮುಚ್ಚಿಡಬೇಡಿ: ದಾರದ ದಪ್ಪ ಮತ್ತು ಮಡಿಕೆ ಸ್ವಲ್ಪ ಬಟ್ಟೆಯನ್ನು ನುಂಗುವುದರಿಂದಲೇ ಕಾಲು ಇಂಚಿಗಿಂತ ಒಂದೆಳೆ ಕಡಿಮೆ ಹೊಲಿಯಿರಿ ಎಂದು ಹೇಳುವುದು. ಈ ಮಾತಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಸಂಕಲನ

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಕೆಡೆನ್‌ಲೈವ್, ಶಾಟ್‌ಕಟ್, ಇವುಗಳಲ್ಲಿ ಯಾವುದಾದರೂ ಸಾಕು. ಫೋನುಗಳು ಬೆಳಕಿಗೆ ತಕ್ಕಂತೆ ಚೌಕಟ್ಟುಗಳ ವೇಗವನ್ನು ಕೊಂಚ ಏರಿಳಿಸುವುದರಿಂದ, ಬೇರೆಯಾಗಿ ದಾಖಲಿಸಿದ ಧ್ವನಿ ಹೋಗುತ್ತಾ ಹೋಗುತ್ತಾ ಚಿತ್ರದಿಂದ ಜಾರಬಹುದು. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ವೇಗಕ್ಕೆ ಮೊದಲೇ ಬದಲಿಸಿಕೊಂಡರೆ ಆ ಗೋಜು ತಪ್ಪುತ್ತದೆ.

ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಮೊದಲ ದಿನ ಬರೆದ ಟಿಪ್ಪಣಿಯೇ ದಾರಿ. ಕೈ ನಿಂತ ಜಾಗಗಳನ್ನು ಪೂರ್ತಿ ಉಳಿಸಿ, ಕೈ ಓಡಿದ ಜಾಗಗಳನ್ನು ಮೊಟಕುಮಾಡಿ. ಒಂದು ಹೊಲಿಗೆಯನ್ನು ಮೊದಲ ಸಲ ತೋರಿಸುವಾಗ ಅದರ ವೇಗವನ್ನು ಎಂದೂ ಹೆಚ್ಚಿಸಬೇಡಿ. ಅದೇ ಹೊಲಿಗೆ ಎರಡನೆಯ ಸಲ ಬಂದಾಗ ನಾಲ್ಕು ಪಟ್ಟು ವೇಗದಲ್ಲಿ ಓಡಿಸಬಹುದು. ಮೇಲಿನ ನೋಟದಿಂದ ಹತ್ತಿರದ ನೋಟಕ್ಕೆ ಹಾರುವುದು ಕೈ ಚಲಿಸುತ್ತಿರುವಾಗಲೇ ಆಗಲಿ, ಆಗ ಜಿಗಿತ ಗೊತ್ತಾಗುವುದಿಲ್ಲ. ಪುಟ ಮಗುಚುವಂತಹ, ನಕ್ಷತ್ರ ಸಿಡಿಯುವಂತಹ ಅಲಂಕಾರಗಳು ಬೇಡವೇ ಬೇಡ.

ಅಳತೆಗಳನ್ನೆಲ್ಲ ಅಂಕಿಯಲ್ಲಿ ಪರದೆಯ ಮೇಲೆ ಬರೆಯಿರಿ, ನಾಲ್ಕೈದು ಸೆಕೆಂಡಾದರೂ ನಿಲ್ಲಲಿ, ಕೆಲಸ ನಡೆಯುವ ಜಾಗವನ್ನು ಮುಚ್ಚದಿರಲಿ. ಮಾತಿನ ಉಪಶೀರ್ಷಿಕೆಗಳನ್ನು ತಂತ್ರಾಂಶಕ್ಕೇ ಬಿಟ್ಟರೆ ‘ಅಸ್ತರು’, ‘ಬಾಬಿನ್’ ಎಂಬಂಥ ಪದಗಳು ಏನೇನೋ ಆಗಬಹುದು. ಒಮ್ಮೆ ಓದಿ ತಿದ್ದಿ. ಯೂಟ್ಯೂಬಿನಲ್ಲಿ ಹಾಕುವುದಾದರೆ ವಿವರಣೆಯಲ್ಲಿ 0:00ರಿಂದ ಆರಂಭಿಸಿ ಕನಿಷ್ಠ ಮೂರು ಸಮಯಗಳನ್ನು ಏರುಕ್ರಮದಲ್ಲಿ, ತಲಾ ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಬರೆದರೆ ವಿಡಿಯೊ ಅಧ್ಯಾಯಗಳಾಗಿ ಒಡೆಯುತ್ತದೆ. ಹೊಲಿಯುತ್ತಾ ನೋಡುವವರು ಇಸ್ತ್ರಿಯ ಭಾಗಕ್ಕೆ ಮಾತ್ರ ಹಿಂದಿರುಗಬೇಕಾದಾಗ ಇದು ಬೇಕು. ಸಂಗೀತ ಬೇಕೇಬೇಕೆಂದರೆ ಬಳಕೆಗೆ ಅನುಮತಿಯಿರುವುದನ್ನೇ ಆರಿಸಿ. ನಾಲ್ಕು ಚೌಕ, ಒಂಬತ್ತು ಚೌಕ, ಲಾಗ್ ಕ್ಯಾಬಿನ್‌ನಂತಹ ಹಳೆಯ ವಿನ್ಯಾಸಗಳು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಇನ್ನೊಬ್ಬರು ರಚಿಸಿ ಮಾರುತ್ತಿರುವ ನಕ್ಷೆಯನ್ನು ಅಳತೆ ಸಮೇತ ತೋರಿಸಲು ಅವರ ಒಪ್ಪಿಗೆ ಬೇಕು.

ಪ್ರಕಟಿಸುವ ಮೊದಲು

ಸದ್ದು ಮುಚ್ಚಿ ಒಮ್ಮೆ ಪೂರ್ತಿ ನೋಡಿ, ಕೆಲಸ ಅರ್ಥವಾಗಬೇಕು. ಫೋನಿನ ಪರದೆಯಲ್ಲಿ ಒಮ್ಮೆ ನೋಡಿ. ಕಾಲು ಇಂಚು ಕಾಣಬೇಕು. ಆಮೇಲೆ ಈ ಹೊಲಿಗೆ ಗೊತ್ತಿಲ್ಲದ ಒಬ್ಬರ ಕೈಗೆ ನಾಲ್ಕು ಚೌಕಗಳನ್ನೂ ವಿಡಿಯೊವನ್ನೂ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರಿ. ಏನೂ ಹೇಳಿಕೊಡಬೇಡಿ, ಎಷ್ಟೇ ಆಸೆಯಾದರೂ. ಅವರು ಎಲ್ಲಿ ವಿಡಿಯೊ ನಿಲ್ಲಿಸಿದರು, ಎಲ್ಲಿ ಹಿಂದಕ್ಕೆ ಎಳೆದು ಮತ್ತೆ ನೋಡಿದರು, ಎಲ್ಲಿ ಪರದೆಗೆ ಮುಖ ಹತ್ತಿರ ತಂದರು ಎಂಬುದರ ಸಮಯವನ್ನು ಬರೆದುಕೊಳ್ಳುತ್ತಾ ಹೋಗಿ. ನಿಲ್ಲಿಸಿದ ಜಾಗದಲ್ಲಿ ಪಾಠ ಅವಸರದ್ದಾಗಿದೆ, ಹಿಂದಕ್ಕೆ ಎಳೆದ ಜಾಗದಲ್ಲಿ ಮಾತು ಸಾಲದಾಗಿದೆ, ಮುಖ ಹತ್ತಿರ ತಂದ ಜಾಗದಲ್ಲಿ ಕ್ಯಾಮೆರಾ ದೂರವಿದೆ. ಇಡೀ ಪಾಠವನ್ನು ಮತ್ತೆ ಮಾಡಬೇಕಾಗಿಲ್ಲ. ಆ ನಾಲ್ಕೈದು ತುಣುಕುಗಳನ್ನು ಅದೇ ಬಟ್ಟೆ, ಅದೇ ದಾರ, ಅದೇ ದೀಪಗಳಲ್ಲಿ ಮತ್ತೆ ಚಿತ್ರಿಸಿ ಸೇರಿಸಿದರೆ ಸಾಕು. ಅದು ಮುಗಿಯುವವರೆಗೆ ಮೇಜಿನ ಮೂಲೆಗಳ ಟೇಪನ್ನು ಕೀಳಬೇಡಿ.